ಮೋಟಾರ್‌ಸೈಕಲ್ ಆಸನ ಪುರಾಣ

ನಮ್ಮೂರ ಕಡೆ ಯಾರಾದರೂ ಹೊಸ ಬೈಕು ತಂದು ಮನೆ ಮುಂದೆ ನಿಲ್ಲಿಸಿದರೆ ನಾವು ಕೇಳುವ ಮೊದಲ ಪ್ರಶ್ನೆ, ‘ಎಷ್ಟು ಕೊಡತ್ತೆ?’ ಲೀಟರಿಗೆ ಎಷ್ಟು ಕಿಲೋಮೀಟರು ಎಂದು ಬಿಡಿಸಿ ಹೇಳುವ ಅಗತ್ಯವೇ ಇಲ್ಲ. ಎರಡನೆಯದು, ‘ಎಷ್ಟಾಯ್ತು?’ ಮೂರನೆಯದು, ‘ಪಿಕಪ್ ಹೇಗೆ?’ ಅಮೆರಿಕಕ್ಕೆ ಬಂದ ಮೇಲೆ ಪ್ರಶ್ನೆಗಳು ಸ್ವಲ್ಪ ಬದಲಾದವು. ಎಷ್ಟು ಸಿಸಿ, ಎಷ್ಟು ಹಾರ್ಸ್‌ಪವರ್, ಇನ್ಶೂರೆನ್ಸಿಗೆ ಎಷ್ಟು ಕೀಳ್ತಾರೆ. ಆದರೆ ‘ಕೂತ್ಕೊಳ್ಳೋಕೆ ಹೇಗಿದೆ?’ ಎಂದು ಕೇಳಿದವರನ್ನು ನಾವು ಅಲ್ಲೂ ಕಾಣೆವು, ಇಲ್ಲೂ ಕಾಣೆವು.

ನಲವತ್ತು ದಾಟಿದ ಮೇಲೆ ಈ ಪ್ರಶ್ನೆ ತಾನಾಗಿಯೇ ಏಳುತ್ತದೆ. ವಾರವಿಡೀ ಕಂಪ್ಯೂಟರಿನ ಮುಂದೆ ಕೂತು ಸೊಂಟ ಹಿಡಿಸಿಕೊಂಡ ನಮ್ಮಂಥವರು ಶನಿವಾರ ಬೆಳಿಗ್ಗೆ ಇನ್ನೂರು ಮೈಲಿ ದೂರಕ್ಕೆ ಹೊರಟರೆ, ನೂರನೆಯ ಮೈಲಿಗೆ ಎಂಜಿನ್ ದಣಿದಿರುವುದಿಲ್ಲ, ನಾವು ದಣಿದಿರುತ್ತೇವೆ. ಒಳ್ಳೆಯ ಸೀಟು ಯಾವುದು ಎಂದು ಹುಡುಕುತ್ತಾ ಹೋದರೆ ಅಂಗಡಿಗಳ ಜೊತೆಗೆ ಸುಮಾರು 140 ವರ್ಷಗಳ ಒಂದು ಚರಿತ್ರೆಯೂ ಸಿಗುತ್ತದೆ. ಎಂಜಿನ್ನಿನ ಚರಿತ್ರೆಯನ್ನು ಬರೆದವರು ಬಹಳ ಮಂದಿ. ಸೀಟಿನದು ಮಾತ್ರ ಅಲ್ಲಲ್ಲಿ ಚೂರುಚೂರಾಗಿ ಬಿದ್ದಿದೆ. ಅವನ್ನು ಇಲ್ಲಿ ಒಟ್ಟು ಮಾಡೋಣ.

ಬೆಂಕಿ ಹತ್ತಿದ ಜೀನು

1885ರಲ್ಲಿ ಜರ್ಮನಿಯ ಕಾನ್‌ಶ್ಟಾಟ್ ಊರಿನಲ್ಲಿ ಗಾಟ್‌ಲೀಬ್ ಡೈಮ್ಲರ್ ಮತ್ತು ವಿಲ್‌ಹೆಲ್ಮ್ ಮೇಬಾಕ್ ಸೇರಿ ಒಂದು ಗಾಡಿ ಕಟ್ಟಿದರು. ಹೆಸರು ‘ರೈಟ್‌ವಾಗನ್’, ಅಂದರೆ ಸವಾರಿಯ ಬಂಡಿ. ಮರದ ಚೌಕಟ್ಟು, ಮರದ ಗಾಲಿ, ಅರ್ಧ ಅಶ್ವಶಕ್ತಿಯ ಎಂಜಿನ್, ಅದರ ಮೇಲೆ ಕುದುರೆಯ ಜೀನಿನಂಥದೊಂದು ಆಸನ. ಪೆಟ್ರೋಲ್ ಎಂಜಿನ್ನಿನ ಮೊದಲ ಮೋಟಾರ್‌ಸೈಕಲ್ ಎಂಬ ಹೆಸರು ಇದಕ್ಕೇ ಸಂದಿದೆ. ಆ ವರ್ಷದ ನವೆಂಬರಿನಲ್ಲಿ ಡೈಮ್ಲರನ ಹದಿಹರೆಯದ ಮಗ ಪೌಲ್ ಇದನ್ನು ಏರಿ ಉಂಟರ್‌ಟ್ಯುರ್ಕ್‌ಹೈಮ್‌ವರೆಗೆ ಹೋದ. ಎಂಜಿನ್ನಿನ ಇಂಧನ ಹೊತ್ತಿಸುವ ಕಾದ ಕೊಳವೆ ಸರಿಯಾಗಿ ಸೀಟಿನ ಕೆಳಗೇ ಇತ್ತು. ದಾರಿಯಲ್ಲಿ ಸೀಟಿಗೆ ಬೆಂಕಿ ಹತ್ತಿಕೊಂಡಿತು! ಮೋಟಾರ್‌ಸೈಕಲ್ ಚರಿತ್ರೆಯ ಮೊದಲ ಸವಾರಿಯಲ್ಲೇ ಸವಾರನ ಮೊದಲ ತೊಂದರೆ ಬಂದದ್ದು ಕೂರುವ ಜಾಗದಿಂದ.

ಆ ಕಾಲದಲ್ಲಿ ಆಸನ ಮಾಡುವ ವಿದ್ಯೆ ಗೊತ್ತಿದ್ದದ್ದು ಕುದುರೆ ಸಾಮಾನಿನವರಿಗೆ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಜಾನ್ ಬೌಲ್ಟ್‌ಬೀ ಬ್ರೂಕ್ಸ್ 1866ರಲ್ಲಿ ಜೀನು, ಲಗಾಮುಗಳ ವ್ಯಾಪಾರ ತೆರೆದಿದ್ದ. ಅವನ ಕುದುರೆ ಸತ್ತು, ಬೇರೆ ಕೊಳ್ಳಲಾಗದೆ ಸೈಕಲ್ ಹತ್ತಿದನೆಂದೂ, ಅದರ ಸೀಟಿನ ಹಿಂಸೆ ತಾಳಲಾರದೆ ತಾನೇ ಒಂದು ಮಾಡುವುದಾಗಿ ಹಠ ತೊಟ್ಟನೆಂದೂ ಆ ಕಂಪನಿಯವರು ಹೇಳಿಕೊಂಡು ಬಂದ ಕತೆ. 1882ರಲ್ಲಿ ಅವನಿಗೆ ಪೇಟೆಂಟ್ ಸಿಕ್ಕಿತು. ಉಪಾಯ ಸರಳ: ದಪ್ಪ ಚರ್ಮವನ್ನು ಮುಂದಿನ ತುದಿಯಿಂದ ಹಿಂದಿನ ತುದಿಗೆ ಜೋಲಿಯಂತೆ ಬಿಗಿದು ಕಟ್ಟುವುದು. ಅಥಣಿ ಕಡೆಯ ಚರ್ಮದ ಚಪ್ಪಲಿ ಹೊಸದರಲ್ಲಿ ಕಚ್ಚಿ, ಮೆಟ್ಟುತ್ತಾ ಮೆಟ್ಟುತ್ತಾ ನಮ್ಮದೇ ಪಾದದ ಅಚ್ಚಾಗುತ್ತದಲ್ಲ, ಅದೇ ರೀತಿ ಈ ಸೀಟು ತನ್ನ ಒಡೆಯನ ಮೈಗೆ ಹೊಂದಿಕೊಳ್ಳುತ್ತಿತ್ತು. ಆರಂಭದ ಮೋಟಾರ್‌ಸೈಕಲ್ಲುಗಳೆಲ್ಲ ಎಂಜಿನ್ ಸಿಕ್ಕಿಸಿದ ಸೈಕಲ್ಲುಗಳೇ ಆದ್ದರಿಂದ ಇಂಥ ಚರ್ಮದ ಆಸನಗಳೇ ಅವಕ್ಕೂ ಬಂದವು.

ಅಂಥದೊಂದು ಗಾಡಿಯ ಮೇಲೆ ಜಾರ್ಜ್ ವೈಮನ್ 1903ರ ಮೇ ತಿಂಗಳಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಬಿಟ್ಟು ನ್ಯೂಯಾರ್ಕಿಗೆ ಹೊರಟ. ಎಂಜಿನ್ನಿನ ಶಕ್ತಿ ಒಂದೂಕಾಲು ಅಶ್ವಶಕ್ತಿ. ಪಶ್ಚಿಮದ ರಾಜ್ಯಗಳಲ್ಲಿ ರಸ್ತೆ ಎನ್ನುವಂಥದ್ದೇ ಇಲ್ಲದ ಕಡೆ ಅವನು ರೈಲು ಹಳಿಯ ಮೇಲೆ, ಸ್ಲೀಪರಿನಿಂದ ಸ್ಲೀಪರಿಗೆ ಕುಟ್ಟಿಸಿಕೊಳ್ಳುತ್ತಾ ಸಾಗಿದ. ಕಡೆಗೆ ಎಂಜಿನ್ ಕೈಕೊಟ್ಟು ಕೊನೆಯ ಭಾಗವನ್ನು ಪೆಡಲ್ ತುಳಿದೇ ಮುಗಿಸಿದ. ಹಿಂದಿನ ಗಾಲಿಗೆ ಯಾವ ಸ್ಪ್ರಿಂಗೂ ಇಲ್ಲ, ಟೈರು ತೆಳ್ಳಗೆ, 50 ದಿನ. ಮೋಟಾರ್ ವಾಹನದಲ್ಲಿ ಈ ದೇಶವನ್ನು ಅಡ್ಡಲಾಗಿ ದಾಟಿದ ಮೊದಲಿಗ ಇವನೇ. ನಮ್ಮ ನೂರು ಮೈಲಿಯ ಗೋಳನ್ನು ಇವನ ಮುಂದೆ ಹೇಳಿಕೊಳ್ಳಲು ನಾಚಿಕೆಯಾಗಬೇಕು.

ಸ್ಪ್ರಿಂಗಿನ ಕಾಲ

ಹಿಂದಿನ ಗಾಲಿ ಚೌಕಟ್ಟಿಗೆ ಬಿಗಿಯಾಗಿ ಕೂತಿರುವಾಗ ಹಳ್ಳದ ಏಟನ್ನೆಲ್ಲ ತಿನ್ನಬೇಕಾದ್ದು ಸೀಟು. ಹಾಗಾಗಿ ತಯಾರಕರು ತಮ್ಮ ಜಾಣತನವನ್ನು ಸೀಟಿನ ಮೇಲೇ ಸುರಿದರು. ಹಾರ್ಲೆ-ಡೇವಿಡ್‌ಸನ್ 1912ರಲ್ಲಿ ಆಸನದ ಕಂಬವನ್ನು ಚೌಕಟ್ಟಿನ ಕೊಳವೆಯೊಳಗೆ ಇಳಿಸಿ, ಅಲ್ಲಿ ಸುರುಳಿ ಸ್ಪ್ರಿಂಗ್ ಇಟ್ಟಿತು. ಇಡೀ ಸೀಟೇ ಮೇಲೆ ಕೆಳಗೆ ತೇಲುತ್ತಿತ್ತು. ಪ್ರತಿಸ್ಪರ್ಧಿ ‘ಇಂಡಿಯನ್’ ಕಂಪನಿ 1913ರಲ್ಲಿ ಹಿಂದಿನ ಗಾಲಿಗೇ ಪಟ್ಟಿ ಸ್ಪ್ರಿಂಗ್ ಜೋಡಿಸಿ ನೋಡಿತು. ಆದರೆ ಹಾರ್ಲೆಯವರು ಸೀಟನ್ನೇ ನಂಬಿ ಕೂತರು. ಅವರ ದೊಡ್ಡ ಗಾಡಿಗೆ ಹಿಂದಿನ ಸಸ್ಪೆನ್ಷನ್ ಬಂದದ್ದು 1958ರ ಡುಯೋ-ಗ್ಲೈಡ್‌ನಲ್ಲಿ, ಅಂದರೆ 46 ವರ್ಷಗಳ ನಂತರ.

ಇಂಗ್ಲೆಂಡಿನಲ್ಲಿ ಈ ಕತೆಗೊಂದು ಸ್ವಾರಸ್ಯದ ಊರಿದೆ, ರೆಡಿಚ್. ಹೊಲಿಗೆ ಸೂಜಿಗೆ ಹೆಸರಾಗಿದ್ದ ಊರು. ಅಲ್ಲಿ ಸ್ಪ್ರಿಂಗ್ ತಯಾರಿಸುತ್ತಿದ್ದ ಹರ್ಬರ್ಟ್ ಟೆರ್ರಿ ಕಂಪನಿ ಮೋಟಾರ್‌ಸೈಕಲ್ಲಿಗೆ ಸ್ಪ್ರಿಂಗ್ ಆಸನಗಳನ್ನೂ ಮಾಡಿತು. ಅದೇ ಕಂಪನಿ 1930ರ ದಶಕದಲ್ಲಿ ಸ್ಪ್ರಿಂಗಿನ ಮೇಲೆ ಬೇಕಾದ ಹಾಗೆ ಬಾಗಿ ನಿಲ್ಲುವ ಆಂಗಲ್‌ಪಾಯ್ಸ್ ಮೇಜಿನ ದೀಪವನ್ನು ಜಗತ್ತಿಗೆ ಕೊಟ್ಟಿತು. ನಮ್ಮೆಲ್ಲರ ಪರಿಚಯದ ರಾಯಲ್ ಎನ್‌ಫೀಲ್ಡ್ ಕೂಡ ಇದೇ ಊರಿನದು.

ಸೀಟಿನ ಕೆಲಸ ಬದಲಾಯಿತು

ಎರಡನೆಯ ಮಹಾಯುದ್ಧ ಮುಗಿದ ಮೇಲೆ ಹಿಂದಿನ ಗಾಲಿಯನ್ನು ಸ್ವಿಂಗ್ ಆರ್ಮ್ ಮೇಲೆ ತೂಗಿಬಿಡುವ ಕ್ರಮ ಹರಡಿತು. 1950ರಲ್ಲಿ ಬಂದ ನಾರ್ಟನ್ ಕಂಪನಿಯ ಚೌಕಟ್ಟಿಗೆ ‘ಫೆದರ್‌ಬೆಡ್’, ಅಂದರೆ ಗರಿಯ ಹಾಸಿಗೆ, ಎಂದೇ ಹೆಸರಾಯಿತು. ರೇಸಿನ ಸವಾರ ಹೆರಾಲ್ಡ್ ಡೇನಿಯಲ್ ಅದನ್ನು ಓಡಿಸಿ ಬಂದು ಆಡಿದ ಮಾತಿನಿಂದ ಬಂದ ಹೆಸರು ಅದು. ಇದೇ ಸುಮಾರಿಗೆ ಸ್ಪ್ರಿಂಗಿನ ಒಂಟಿ ಆಸನ ಹಿಂದೆ ಸರಿದು, ಇಬ್ಬರು ಕೂರುವ ಉದ್ದನೆಯ ಸೀಟು ಬಂತು. ಒಳಗೆ ರಬ್ಬರ್ ಫೋಮ್. ಬರ್ಮಿಂಗ್‌ಹ್ಯಾಮಿನ ಡನ್‌ಲಪ್ ಪ್ರಯೋಗಾಲಯದಲ್ಲಿ 1929ರಲ್ಲಿ ಮರ್ಫಿ ಎಂಬ ವಿಜ್ಞಾನಿ ರಬ್ಬರ್ ಹಾಲನ್ನು ಕೇಕಿನ ಹಿಟ್ಟಿನಂತೆ ನೊರೆ ಬರುವ ಹಾಗೆ ಕಡೆದು ಕಂಡುಕೊಂಡ ವಸ್ತು ಅದು. ಮುಂದೆ ಅಗ್ಗದ ಪಾಲಿಯುರಿಥೇನ್ ಫೋಮ್ ಅದರ ಜಾಗ ಹಿಡಿಯಿತು.

ನಮ್ಮ ವೃತ್ತಿಯ ಭಾಷೆಯಲ್ಲಿ ಹೇಳುವುದಾದರೆ, ಒಂದು ಮಾಡ್ಯೂಲಿನ ಕೆಲಸವನ್ನು ಇನ್ನೊಂದಕ್ಕೆ ವಹಿಸಿದರು. ಆದರೆ ಪೂರ್ತಿ ವಹಿಸಲಿಲ್ಲ. ಸೀಟು ಎರಡು ಕೆಲಸ ಮಾಡುತ್ತಿತ್ತು. ಒಂದು, ರಸ್ತೆಯ ಕುಲುಕಾಟ ತಡೆಯುವುದು. ಎರಡು, ಮೈಯ ಭಾರವನ್ನು ಗಂಟೆಗಟ್ಟಲೆ ಹದವಾಗಿ ಹೊರುವುದು. ಮೊದಲನೆಯದು ಸಸ್ಪೆನ್ಷನ್ನಿಗೆ ಹೋಯಿತು. ಎರಡನೆಯದನ್ನು ಯಾರಿಗೂ ವಹಿಸಲಿಲ್ಲ. ಎಷ್ಟೇ ನುಣುಪಾದ ರಸ್ತೆಯಲ್ಲೂ ಈ ಹೊತ್ತಿಗೂ ನಾವು ನೋಯುವುದಕ್ಕೆ ಕಾರಣ ಇಲ್ಲಿದೆ ಎಂದು ನಮಗೆ ಅನಿಸುತ್ತದೆ.

ಕೂತಾಗ ನಮ್ಮ ಭಾರದ ಬಹುಪಾಲು ಸೊಂಟದ ಕೆಳಗಿನ ಎರಡು ಮೂಳೆಗಳ ತುದಿಗೆ ಬೀಳುತ್ತದೆ. ಗಟ್ಟಿ ಮರದ ಬೆಂಚಿನ ಮೇಲೆ ಕೂತರೆ ಆ ಎರಡು ಬಿಂದುಗಳು ಯಾವುವೆಂದು ಎಲ್ಲರಿಗೂ ಗೊತ್ತಾಗುತ್ತದೆ. ಅಲ್ಲಿನ ಸಣ್ಣ ರಕ್ತನಾಳಗಳಲ್ಲಿ ಒತ್ತಡ ಬಹಳ ಕಡಿಮೆ. 1930ರಲ್ಲಿ ಯೂಜಿನ್ ಲ್ಯಾಂಡಿಸ್ ಎಂಬ ವೈದ್ಯವಿಜ್ಞಾನಿ ಉಗುರಿನ ಬುಡದ ಲೋಮನಾಳಗಳಲ್ಲಿ ಅಳೆದಾಗ, ರಕ್ತ ಒಳಬರುವ ತುದಿಯಲ್ಲಿ ಸಿಕ್ಕ ಸರಾಸರಿ 32 ಮಿಲಿಮೀಟರ್ ಪಾದರಸ. ಹೊರಗಿನ ಒತ್ತಡ ಇಂಥ ಮಟ್ಟವನ್ನು ದಾಟಿ ಬಹಳ ಹೊತ್ತು ನಿಂತರೆ ರಕ್ತದ ಓಡಾಟ ತಗ್ಗುತ್ತದೆ, ಮೊದಲು ಜೋಮು, ಆಮೇಲೆ ಉರಿ. ಕುರ್ಚಿಯಲ್ಲಿ ನಾವು ಅರಿವಿಲ್ಲದೆ ಮಗ್ಗಲು ಬದಲಿಸುತ್ತೇವೆ. ಬೈಕಿನ ಮೇಲೆ ಕೈ ಕಾಲು ಎರಡೂ ಕಟ್ಟಿಹಾಕಿದ ಹಾಗೆ.

ಅಂಗಡಿಯಲ್ಲಿ ಬೆರಳಿನಿಂದ ಒತ್ತಿ, ‘ಆಹಾ, ಹತ್ತಿ ಹಾಗಿದೆ’ ಎನ್ನುವ ಸೀಟು ಮೋಸ ಮಾಡುವುದೂ ಇದರಿಂದಲೇ. ಮೆತ್ತನೆಯ ಫೋಮ್ ಅರ್ಧ ಗಂಟೆ ಸುಖ ಕೊಟ್ಟು, ಆಮೇಲೆ ಮೂಳೆಯ ಕೆಳಗೆ ಅಪ್ಪಚ್ಚಿಯಾಗಿ ತಳದ ತಟ್ಟೆಯನ್ನೇ ಮುಟ್ಟಿಸುತ್ತದೆ. ಮೇಲೆ ಥಳುಕು, ಒಳಗೆ ಹುಳುಕು!

ಹಿಂದೆ ಕೂತವರು

ನಮ್ಮ ನಾಡಿಗೆ ಈ ಚರಿತ್ರೆ ಬಂದದ್ದು ಎರಡು ದಾರಿಯಲ್ಲಿ. 1955ರಲ್ಲಿ ಮದ್ರಾಸಿನಲ್ಲಿ ಎನ್‌ಫೀಲ್ಡ್ ಇಂಡಿಯಾ ಶುರುವಾಯಿತು. ಮೈಸೂರಿನಲ್ಲಿ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ ಜೆಕ್ ವಿನ್ಯಾಸದ ಜಾವಾ ಗಾಡಿಗಳನ್ನು ಹೊರತಂದಿತು. ಕಿಕ್ ಹೊಡೆದ ಕೋಲನ್ನೇ ಮುಂದಕ್ಕೆ ಮಡಚಿ ಗೇರ್ ಹಾಕುವ ಆ ಗಾಡಿ, ಆಮೇಲೆ ಅದರ ತಮ್ಮ ಯೆಜ್ಡಿ, ನಮ್ಮ ಪೀಳಿಗೆಯ ಎಷ್ಟೋ ಜನರ ಬಾಲ್ಯದ ಸದ್ದು. 1996ರಲ್ಲಿ ಆ ಕಾರ್ಖಾನೆ ಮುಚ್ಚಿತು.

ಇಂಗ್ಲೆಂಡಿನಲ್ಲೋ ಜೆಕ್ ದೇಶದಲ್ಲೋ ಸೀಟು ಬರೆದವರು ಎರಡೂ ಕಡೆ ಕಾಲು ಹಾಕಿ ಕೂರುವವರನ್ನು ಕಣ್ಣ ಮುಂದೆ ಇಟ್ಟುಕೊಂಡಿದ್ದರು. ನಮ್ಮಲ್ಲಿ ಅದರ ಮೇಲೆ ಕೂತವರು ಸೀರೆ ಉಟ್ಟ ನಮ್ಮ ಅಮ್ಮಂದಿರು, ಅತ್ತಿಗೆಯರು. ಎರಡೂ ಕಾಲು ಒಂದೇ ಮಗ್ಗುಲಿಗೆ, ಭಾರವೆಲ್ಲ ಒಂದೇ ಕಡೆಯ ಸೊಂಟಕ್ಕೆ, ಬೆನ್ನು ತಿರುಚಿ ಮುಖ ಮುಂದಕ್ಕೆ. ಒಂದು ಕೈ ಗಂಡನ ಭುಜದ ಮೇಲೆ, ಇನ್ನೊಂದರಲ್ಲಿ ಮಡಿಲ ಮಗು, ಅದರ ಮೇಲೆ ಬುಟ್ಟಿಯೋ ಚೀಲವೋ. ಹೀಗೆ ಊರಿಂದೂರಿಗೆ ಮದುವೆ ಮುಂಜಿಗೆ ಹೋಗಿ, ಇಳಿದ ಕೂಡಲೇ ಅಡುಗೆಮನೆಗೆ ನಡೆದವರು. ದೂರದ ಸವಾರಿಯ ಸಾಹಸಗಳ ಪಟ್ಟಿಯಲ್ಲಿ ಇವರ ಹೆಸರು ಇಲ್ಲ.

ಚಿತ್ರ ಏನೆಂದರೆ, ಇವರನ್ನು ಗಮನಿಸಿದ್ದು ಸರ್ಕಾರಿ ಕಾಗದ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 123ನೆಯ ನಿಯಮ, ಸವಾರನ ಹಿಂದೆಯೋ ಪಕ್ಕದಲ್ಲೋ ಹಿಡಿದುಕೊಳ್ಳಲು ಶಾಶ್ವತ ಹಿಡಿ, ಕಾಲಿಡಲು ಜಾಗ, ಹಿಂದೆ ಕೂತವರ ಬಟ್ಟೆ ಗಾಲಿಗೆ ಸಿಕ್ಕದಂತೆ ಹಿಂದಿನ ಗಾಲಿಯ ಅರ್ಧಕ್ಕೆ ಕಡಿಮೆಯಿಲ್ಲದಷ್ಟು ಮರೆ ಇರಬೇಕೆಂದು ಹೇಳಿತು. ನಾವು ‘ಸ್ಯಾರಿ ಗಾರ್ಡ್’ ಎಂದು ಕರೆಯುವುದು ಅದನ್ನೇ. ನೋಡಲು ಚೆನ್ನಾಗಿಲ್ಲವೆಂದು ಹುಡುಗರು ಮೊದಲು ಬಿಚ್ಚಿ ಹಾಕುವುದೂ ಅದನ್ನೇ.

ಸಾಹಿತ್ಯದಲ್ಲೂ ಹಿಂದಿನ ಸೀಟಿಗೆ ಒಂದು ಸ್ಥಾನವಿದೆ. ರಾಬರ್ಟ್ ಪಿರ್ಸಿಗ್ 1968ರಲ್ಲಿ ಮಿನೆಸೋಟಾದಿಂದ ಕ್ಯಾಲಿಫೋರ್ನಿಯಾಕ್ಕೆ ಮಗ ಕ್ರಿಸ್‌ನನ್ನು ಹಿಂದೆ ಕೂರಿಸಿಕೊಂಡು ಹೋಂಡಾ ಬೈಕಿನಲ್ಲಿ ಹೋದದ್ದರ ಆಧಾರದ ಮೇಲೆ ಬರೆದ ‘ಝೆನ್ ಅಂಡ್ ದಿ ಆರ್ಟ್ ಆಫ್ ಮೋಟಾರ್‌ಸೈಕಲ್ ಮೇಂಟೆನೆನ್ಸ್’ 1974ರಲ್ಲಿ ಬಂತು. ನಮ್ಮ ಬಳಗದಲ್ಲಿ ಇದನ್ನು ಓದಿದವರು ಹಲವರಿದ್ದೀರಿ. ಪುಸ್ತಕದ ಉದ್ದಕ್ಕೂ ಆ ಹುಡುಗನಿಗೆ ಕಂಡದ್ದು ಅಪ್ಪನ ಬೆನ್ನು. ಕಡೆಗೆ ಅವನು ಕಾಲಿಡುವ ಪೆಗ್ಗಿನ ಮೇಲೆ ಎದ್ದು ನಿಂತು ಅಪ್ಪನ ಭುಜದ ಮೇಲಿಂದ ದಾರಿ ನೋಡುತ್ತಾನೆ. ತತ್ತ್ವಜಿಜ್ಞಾಸೆಯೆಲ್ಲ ಮರೆತರೂ ಆ ಚಿತ್ರ ಮರೆಯುವುದಿಲ್ಲ.

ಬೇರೆ ಕಡೆಯಿಂದ ಬಂದ ಸುಖ

ಕಂಪನಿಗಳು ಕೈಬಿಟ್ಟ ಆ ಎರಡನೆಯ ಕೆಲಸವನ್ನು ಎತ್ತಿಕೊಂಡವರು ಹೊರಗಿನವರು. 1968ರ ಸುಮಾರಿಗೆ ಸೀಟು ತಯಾರಿಕೆಗೆ ಇಳಿದ ಮೈಕ್ ಕಾರ್ಬಿನ್, ಆಮೇಲೆ ಕ್ಯಾಲಿಫೋರ್ನಿಯಾದ ಹಾಲಿಸ್ಟರಿನಲ್ಲಿ ಕಾರ್ಖಾನೆ ಕಟ್ಟಿದ. ಗಟ್ಟಿ ಫೋಮಿನ, ತೊಡೆಗೆ ಆನುವ ಅಗಲದ ಸೀಟುಗಳು ಅವನದು. ‘ಡೇ-ಲಾಂಗ್’ ಎಂಬ ಇನ್ನೊಂದು ಸೀಟು ಎರಡು ರೆಕ್ಕೆ ಬಿಚ್ಚಿದ ಹಾಗೆ ಅಗಲ. ನೋಡಲು ಕುರೂಪ, ಕೂತವರು ಬಿಡುವುದಿಲ್ಲ.

ಇನ್ನೊಂದು ಉಪಾಯ ಬಂದದ್ದು ಆಸ್ಪತ್ರೆಯಿಂದ. 1970ರ ದಶಕದ ಆರಂಭದಲ್ಲಿ ಇಲಿನಾಯ್‌ನ ರಾಬರ್ಟ್ ಗ್ರೇಬಿ ಎಂಬ ಎಂಜಿನಿಯರ್, ಗಾಲಿಕುರ್ಚಿಯಲ್ಲೇ ದಿನ ಕಳೆಯುವವರಿಗೆ ಒತ್ತಡದ ಹುಣ್ಣು ಆಗದಿರಲೆಂದು ಒಂದಕ್ಕೊಂದು ಗಾಳಿ ಹಾಯುವ ಪುಟ್ಟ ಕೋಶಗಳ ದಿಂಬು ಮಾಡಿದರು. ‘ರೋಹೋ’ ಎಂಬ ಆ ದಿಂಬಿನ ತತ್ತ್ವವೇ ಇಂದು ದೂರದ ಸವಾರರ ಏರ್‌ಹಾಕ್ ಕುಶನ್ನಿನಲ್ಲಿದೆ. ನಾವು ಮೋಜಿಗೆ ಬಳಸುವ ವಸ್ತು ಹುಟ್ಟಿದ್ದು ಏಳಲಾರದವರ ನೋವಿನಿಂದ. ಮೆಮೊರಿ ಫೋಮ್ ಕೂಡ 1966ರಲ್ಲಿ ನಾಸಾದ ಏಮ್ಸ್ ಕೇಂದ್ರಕ್ಕಾಗಿ ಚಾರ್ಲ್ಸ್ ಯೋಸ್ಟ್ ರೂಪಿಸಿದ್ದು, ವಿಮಾನದ ಆಸನಕ್ಕೆ.

ಇವನ್ನೆಲ್ಲ ಪರೀಕ್ಷೆಗೆ ಒಡ್ಡುವವರೂ ಇದ್ದಾರೆ. 1984ರಲ್ಲಿ ಶುರುವಾದ ಐರನ್ ಬಟ್ ಅಸೋಸಿಯೇಷನ್ನಿನ ಮೊದಲ ಮೆಟ್ಟಿಲು, 24 ಗಂಟೆಯೊಳಗೆ 1,000 ಮೈಲಿ. ಬೆಂಗಳೂರಿನಿಂದ ಮುಂಬಯಿಗೆ ಹೋಗಿ, ಮತ್ತೆ ಅರ್ಧಕ್ಕಿಂತ ಹೆಚ್ಚು ದಾರಿ ವಾಪಸ್ಸು ಬಂದಷ್ಟು. ಆ ಸವಾರಿಯ ಹೆಸರೇ ‘ಸ್ಯಾಡಲ್‌ಸೋರ್’, ಜೀನಿನ ಹುಣ್ಣು!

ಆರಿಸುವವರಿಗೆ

ಇಷ್ಟು ಚರಿತ್ರೆಯಿಂದ ನಮ್ಮಂಥವರಿಗೆ ಏನು ಸಿಕ್ಕಿತು? ಮೊದಲನೆಯದು, ಮೆತ್ತಗಿದ್ದದ್ದೆಲ್ಲ ಸುಖವಲ್ಲ. ತುಸು ಗಟ್ಟಿ, ಆದರೆ ಅಗಲವಾಗಿ ಭಾರ ಹಂಚುವ ಸೀಟು ನಾಲ್ಕನೆಯ ಗಂಟೆಯಲ್ಲಿ ಗೆಲ್ಲುತ್ತದೆ. ಎರಡನೆಯದು, ಟ್ಯಾಂಕಿನ ಕಡೆ ಜಾರುವ ಸೀಟು ಬೇಡ. ಜಾರದಿರಲು ಕೈಯೂರಿ ಕೈಯೂರಿ ಮಣಿಕಟ್ಟು, ಭುಜ ಎರಡೂ ಸೋಲುತ್ತವೆ. ಮೂರನೆಯದು, ಅಗಲ ಹೆಚ್ಚಿದಷ್ಟೂ ಕಾಲು ನೆಲಕ್ಕೆ ಎಟುಕುವುದು ಕಡಿಮೆ. ಆದ್ದರಿಂದ ಮುಂದೆ ಕಿರಿದು, ಹಿಂದೆ ಅಗಲ ಇರಬೇಕು. ನಾಲ್ಕನೆಯದು, ರೆಕ್ಸಿನ್ ಮೇಲೆ ಬೆವರು ನಿಲ್ಲುತ್ತದೆ. ಬೇಸಿಗೆಯ ದೂರಕ್ಕೆ ಮಣಿ ಪೋಣಿಸಿದ ಹೊದಿಕೆಯೋ ಕುರಿಯುಣ್ಣೆಯೋ ಅಗ್ಗದ ಪರಿಹಾರ. ಐದನೆಯದು, ಸೀಟಿಗೆ ನೂರಾರು ಡಾಲರ್ ಸುರಿಯುವ ಮೊದಲು ಹ್ಯಾಂಡಲ್ಲಿನ ಎತ್ತರ ಸರಿಮಾಡಿ, ಗಂಟೆಗೊಮ್ಮೆ ಇಳಿದು ನಾಲ್ಕು ಹೆಜ್ಜೆ ನಡೆದು ನೋಡಿ. ಊರಲ್ಲಿದ್ದರೆ ಬೆಂಗಳೂರಿನ ಜೆ.ಸಿ. ರಸ್ತೆಯ ಸೀಟಿನ ಅಂಗಡಿಯವರು ಫೋಮ್ ಕೆತ್ತಿ ಹೊಸ ಹೊದಿಕೆ ಹೊಲಿದು ಕೊಡುತ್ತಿದ್ದರು. ಇಲ್ಲಿಯೂ ಕಾರಿನ ಸೀಟು ಹೊಲಿಯುವ ಅನೇಕರು ಆ ಕೆಲಸ ಮಾಡುತ್ತಾರೆ.

ಆರನೆಯದು ಎಲ್ಲಕ್ಕಿಂತ ಮುಖ್ಯ. ಸೀಟು ನೋಡಲು ಹೋಗುವಾಗ ನಿಮ್ಮ ಹಿಂದೆ ಕೂರುವವರನ್ನೂ ಕರೆದುಕೊಂಡು ಹೋಗಿ. ಮೊದಲು ಅವರು ಕೂತು ನೋಡಲಿ, ಅವರು ಹೂಂ ಅಂದ ಮೇಲೆ ದುಡ್ಡು ಕೊಡಿ.