ಮುಳ್ಳು ತಿರುಗಿಸುತ್ತಿದ್ದ ಕಾಲ

ದೇವಾಲದ ನಮ್ಮ ಮನೆಗೆ ಹೊರಗಿನಿಂದ ಕನ್ನಡ ಬರುತ್ತಿದ್ದುದು ಕತ್ತಲಾದ ಮೇಲೆ. ಪೇಟೆಯ ಮಾತು ಮಲಯಾಳ, ಶಾಲೆಯದು ತಮಿಳು. ಹಗಲು ಟ್ರಾನ್ಸಿಸ್ಟರಿನಲ್ಲಿ ಚೆನ್ನಾಗಿ ಸಿಗುತ್ತಿದ್ದುದು ಕಲ್ಲಿಕೋಟೆ. ರಾತ್ರಿ ಮಧ್ಯಮ ತರಂಗಗಳು ದೂರ ಸಾಗುತ್ತವೆ. ಆಗ ಅಪ್ಪ ಮುಳ್ಳನ್ನು ಮೆಲ್ಲಗೆ ತಿರುಗಿಸಿ ಬೆಂಗಳೂರನ್ನು ಹಿಡಿಯುತ್ತಿದ್ದರು. ಮಳೆಯ ಸದ್ದಿನ ನಡುವೆ ಪುರಂದರದಾಸರ ಪದವೊಂದು ಬಂದರೆ, ರಾಗ ಯಾವುದೆಂದು ತಿಳಿಯದಿದ್ದರೂ ಮಾತು ತಿಳಿಯುತ್ತಿತ್ತು. ಮರುದಿನ ಅಜ್ಜಿ ಅದನ್ನೇ ಗುನುಗುತ್ತಿದ್ದರು. ಹಾಗಾಗಿ, ಎಳೆಯರಿಗೆ ಬೇಡವೆಂದು ಬಾನುಲಿಯ ಶಾಸ್ತ್ರೀಯ ಸಂಗೀತವನ್ನು ಮೊಟಕುಗೊಳಿಸುವ ಮಾತು ಬಂದಾಗಲೆಲ್ಲ ನನಗದು ಬರಿಯ ಸಂಗೀತದ ಸಂಗತಿಯೆನಿಸುವುದಿಲ್ಲ.

ನಮ್ಮ ದೇಶದಲ್ಲಿ ಕತ್ತರಿ ಮೊದಲು ಬಿದ್ದದ್ದು ಎಳೆಯರ ಹಾಡಿನ ಮೇಲೆ ಎಂಬುದನ್ನು ಮರೆಯಬಾರದು. 1952ರಲ್ಲಿ ವಾರ್ತಾ ಸಚಿವರಾದ ಬಿ. ವಿ. ಕೇಸ್ಕರ್ ಶಾಸ್ತ್ರೀಯ ಸಂಗೀತದ ಪಕ್ಷಪಾತಿ. ಅವರ ಕಾಲದಲ್ಲಿ ಚಿತ್ರಗೀತೆಗಳು ಆಕಾಶವಾಣಿಯಿಂದ ಬಹುಮಟ್ಟಿಗೆ ಮರೆಯಾದವು. ಕೇಳುಗರೇನು ತೆಪ್ಪಗೆ ಕುಳಿತರೆ? ಮುಳ್ಳನ್ನು ಸಿಲೋನಿಗೆ ತಿರುಗಿಸಿದರು. ಅದೇ ಡಿಸೆಂಬರಿನಲ್ಲಿ ಅಲ್ಲಿ ‘ಬಿನಾಕಾ ಗೀತಮಾಲಾ’ ಶುರುವಾಗಿತ್ತು. ಬಲವಂತದಿಂದ ಕಿವಿ ತೆರೆಸಲಾಗದೆಂದು ದೆಹಲಿಗೆ ಮನವರಿಕೆಯಾಗಲು ಐದು ವರ್ಷ ಹಿಡಿಯಿತು. 1957ರ ಅಕ್ಟೋಬರ್ 3ರಂದು ವಿವಿಧ ಭಾರತಿ ಹುಟ್ಟಿತು. ಹೊಸ ಬಾಗಿಲು ತೆರೆಯಿತು, ಹಳೆಯದನ್ನು ಮುಚ್ಚಲಿಲ್ಲ. 1969ರಲ್ಲಿ ಯುವಜನರಿಗಾಗಿ ಯುವವಾಣಿ ಬಂದಾಗಲೂ ಹೀಗೆಯೇ.

ಅದಕ್ಕೆ ಕೆಲವೇ ದಿನ ಮೊದಲು, 1957ರ ಸೆಪ್ಟೆಂಬರ್ ಕೊನೆಗೆ, ಲಂಡನ್ನಿನ ಬಿಬಿಸಿ ಸಂಗೀತ, ನಾಟಕ, ಉಪನ್ಯಾಸಗಳ ತನ್ನ ‘ಥರ್ಡ್ ಪ್ರೋಗ್ರಾಂ’ ಅನ್ನು ವಾರಕ್ಕೆ 40 ಗಂಟೆಗಳಿಂದ 24ಕ್ಕೆ ಇಳಿಸಿತ್ತು. ಕವಿ ಎಲಿಯಟ್, ಸಂಗೀತ ರಚನಕಾರ ವಾನ್ ವಿಲಿಯಮ್ಸ್ ಅವರಂಥವರು ಪ್ರತಿಭಟಿಸಿದರೂ ಫಲವಾಗಲಿಲ್ಲ. ಆ ವಿಷಯದಲ್ಲಿ ನಮ್ಮವರೇ ಜಾಣರು ಎನ್ನಬೇಕು.

ಆದರೆ ಎರಡು ಬಾಗಿಲಿನ ಏರ್ಪಾಡಿನಲ್ಲೂ ಒಂದು ನಷ್ಟವಿದೆ. ಬೆಂಗಳೂರಿನಲ್ಲಿ ಶಾಸ್ತ್ರೀಯ ಸಂಗೀತಕ್ಕೆಂದೇ ‘ಅಮೃತವರ್ಷಿಣಿ’ ಎಫ್.ಎಂ. ವಾಹಿನಿ ಬಂತು, ಎಫ್.ಎಂ. ಅಲೆಗೆ ಇಷ್ಟು ಬೆಟ್ಟಗಳನ್ನು ದಾಟಿ ಬರಲಾಗದು. 2016ರ ಜನವರಿ 26ರಂದು ಆರಂಭವಾದ 24 ಗಂಟೆಗಳ ‘ರಾಗಂ’ ಮಾತ್ರ ಡಿಟಿಎಚ್ ಮೂಲಕ ನಮಗೂ ಎಟುಕಿತು. ಅದನ್ನು ಹುಡುಕಿ ಹಾಕಬೇಕು. ರುಚಿ ಹತ್ತಿದವರು ಹುಡುಕುತ್ತಾರೆ. ಕನ್ನಡ ವಾರ್ತೆಗೆಂದು ಕಾದು ಕುಳಿತಿದ್ದ ನಮ್ಮಂಥವರ ಕಿವಿಗೆ ಪದವೊಂದು ತಾನಾಗಿ ಬಿದ್ದಂತೆ ಅದು ಬೀಳುವುದಿಲ್ಲ.

ಕಳೆದ ಮಳೆಗಾಲದಲ್ಲಿ ಈ ಮುಳ್ಳು ತಿರುಗಿಸುವ ಕಥೆಯನ್ನು ಮೊಮ್ಮಗನಿಗೆ ಹೇಳಿದೆ. ‘ಮುಂದೆ ಯಾವ ಹಾಡು ಬರುತ್ತದೆಂದು ತಿಳಿಯದೆ ಹೇಗೆ ಕೂತಿರುತ್ತಿದ್ದಿರಿ ತಾತ?’ ಎಂದ. ಕೇಳಿದ್ದು ತಮಿಳಿನಲ್ಲಿ.