ಸೀವಾಳಿಯ ದೋಷನಿರ್ಣಯ: ಒತ್ತಿನ ಸಾಕ್ಷ್ಯ

ನಾಗಸ್ವರವೂ ಪಾಶ್ಚಾತ್ಯರ ಓಬೋ ವಾದ್ಯವೂ ಶಂಕುವಿನಾಕಾರದ ನಾಳವನ್ನೂ ಜೋಡಿ ನಾಲಗೆಯನ್ನೂ ಪಡೆದಿರುವುದರಿಂದ, ಹಾರ್ನ್‌ಬೋಸ್ಟೆಲ್ ಮತ್ತು ಸಾಕ್ಸ್ 1914ರಲ್ಲಿ ಪ್ರಕಟಿಸಿದ ವಾದ್ಯವರ್ಗೀಕರಣದ ಪ್ರಕಾರ ಒಂದೇ ವರ್ಗಕ್ಕೆ ಸೇರುತ್ತವೆ. ನಾಗಸ್ವರದ ಏಳು ಸ್ವರರಂಧ್ರಗಳ ವಿಷಯದಲ್ಲಾಗಲಿ, ಶ್ರುತಿಗಾಗಿ ಮೇಣ ತುಂಬುವ ಕೆಳತುದಿಯ ರಂಧ್ರಗಳ ವಿಷಯದಲ್ಲಾಗಲಿ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿಲ್ಲ.

ವಿವಾದವಿರುವುದು ಬೇರೊಂದೆಡೆ. ಉತ್ಸವದ ನಡುವೆ ಶ್ರುತಿ ಜಾರಿದರೆ ಅದಕ್ಕೆ ವಾದಕನ ಉಸಿರೂ ಬೆರಳೂ ಕಾರಣವೆಂಬ ಅಭಿಪ್ರಾಯವು ರೂಢವಾಗಿದೆ. ಸೂಕ್ಷ್ಮಸ್ವರಗಳು ಉಸಿರಿನ ಒತ್ತಡದಿಂದಲೇ ಹುಟ್ಟುವುದರಿಂದ ಈ ಮಾತು ಮೇಲ್ನೋಟಕ್ಕೆ ಯುಕ್ತವಾಗಿಯೂ ತೋರುತ್ತದೆ. ಆದರೆ ನಾಗಸ್ವರದೊಡನೆ ಊದುವ ಒತ್ತು ಎಂಬ ಶ್ರುತಿವಾದ್ಯದ ಸಾಕ್ಷ್ಯವನ್ನು ಇಲ್ಲಿ ಯಾರೂ ಕೇಳಿದಂತಿಲ್ಲ. ಅದಕ್ಕೂ ನಾಗಸ್ವರದಂತೆ ಸೀವಾಳಿ ಎಂಬ ಜೋಡಿ ನಾಲಗೆಯುಂಟು, ಸ್ವರರಂಧ್ರಗಳು ಮಾತ್ರ ಇಲ್ಲ. ಆದಕಾರಣ ಒತ್ತಿನ ಶ್ರುತಿಯೇ ಜಾರಿದಾಗ ಬೆರಳನ್ನು ದೂರುವುದಕ್ಕೆ ಅವಕಾಶವೇ ಉಳಿಯುವುದಿಲ್ಲ. ಸೀವಾಳಿಯಾದರೋ ಜೊಂಡುಹುಲ್ಲಿನ ಜಾತಿಯದು, ನೀರನ್ನು ಹೀರಿ ಹಿಗ್ಗತಕ್ಕದ್ದು. ಕಾವೇರಿಯ ಮುಖಜಭೂಮಿಯಲ್ಲಿ, ತಿರುವಾವಡುತುರೆಯಂತಹ ಊರುಗಳಲ್ಲಿ ಸಿದ್ಧವಾದ ಅದು ದಂಡಿಗನಹಳ್ಳಿ ಎಂಬ ಊರಿನ ಸುತ್ತಣ ಬಯಲುಸೀಮೆಯ ಚೈತ್ರಮಾಸದ ಒಣಗಾಳಿಗೆ ಸಿಕ್ಕಿ, ವಾದನವು ನಿಂತ ಅಲ್ಪಾವಧಿಯಲ್ಲಿಯೇ ಅಂಚು ಬಿಗಿದು, ಸ್ವರ ಹೊಮ್ಮುವುದಕ್ಕೆ ತಡಮಾಡುವುದು ಸಹಜ. ಅತಿಯಾಗಿ ನೆನೆದದ್ದು ಬಾಯಗಲಿಸಿ ಉಸಿರನ್ನು ಬಹಳವಾಗಿ ಬೇಡುತ್ತದೆ. ಆದ್ದರಿಂದ ಶ್ರುತಿಭ್ರಂಶದ ಪ್ರಥಮ ಕಾರಣವನ್ನು ಸೀವಾಳಿಯ ಆರ್ದ್ರತೆಯಲ್ಲಿಯೇ ಅರಸತಕ್ಕದ್ದೆಂಬುದು ನನ್ನ ಪ್ರತಿಪಾದನೆ.

ಇದನ್ನು ನಿರಪವಾದವಾದ ನಿಯಮವೆಂದು ನಾನು ಹೇಳಲಾರೆ. ಊದುತ್ತ ಹೋದಂತೆ ನಾಳದೊಳಗಿನ ಗಾಳಿ ಬಿಸಿಯಾಗಿ ಶ್ರುತಿ ಏರುವುದುಂಟು. ಒತ್ತಿನವರ ಎಡೆಬಿಡದ ಉಸಿರಿನಲ್ಲಿಯೂ ಏರಿಳಿತವಿರಬಹುದು. ಒತ್ತಿನ ಸೀವಾಳಿಯು ನಾಗಸ್ವರಕ್ಕೆ ಹೊಂದಲೇಬೇಕೆಂದೂ ಇಲ್ಲ. ಆದಕಾರಣ ವಾದ್ಯಕ್ಕೆ ತೂಗುಬಿಟ್ಟ ಬದಲಿ ಸೀವಾಳಿಗಳಲ್ಲೊಂದನ್ನು ತೊಡಿಸಿ ನೋಡುವುದೇ ನ್ಯಾಯವಾದ ಪರೀಕ್ಷೆ: ದೋಷವು ತೊಲಗಿದರೆ ಅದು ಹಳೆಯ ಸೀವಾಳಿಯದೆಂದೂ, ಉಳಿದರೆ ನಾಳದ್ದೋ ಮೇಣದ್ದೋ ವಾದಕನದ್ದೋ ಎಂದೂ ಊಹಿಸಬಹುದು.

ಇದರಿಂದ ಚಿಕಿತ್ಸೆಯ ಕ್ರಮವೂ ಸ್ಪಷ್ಟವಾಗುತ್ತದೆ. ಮೊದಲು ನೆನೆಸುವುದು, ಬಳಿಕ ಬೆರಳುಗಳ ನಡುವೆ ಮೃದುವಾಗಿ ಒತ್ತಿ ಬಾಯನ್ನು ಹದಗೊಳಿಸುವುದು, ಆಮೇಲೆ ಲೋಹದ ಕಿರುನಾಳಕ್ಕೆ ಬಿಗಿದ ದಾರವನ್ನು ಪರೀಕ್ಷಿಸುವುದು. ಅಂಚನ್ನು ಕತ್ತರಿಸುವುದು ಕಟ್ಟಕಡೆಯದು, ಏಕೆಂದರೆ ಕತ್ತರಿಸಿದ್ದನ್ನು ಮರಳಿ ಕೂಡಿಸಲಾಗದು. ಓಬೋ ವಾದಕರು ತಮ್ಮ ನಾಲಗೆಯನ್ನು ಚಾಕುವಿನಿಂದ ಹೆರೆದು ತಿದ್ದುವ ಪದ್ಧತಿಯನ್ನು ಇಲ್ಲಿಗೆ ನೇರವಾಗಿ ತರುವುದು ಉಚಿತವಲ್ಲ.

ಆರ್ದ್ರತೆಯ ಪಾಲೆಷ್ಟು, ನಾಳದ ಬಿಸಿಯ ಪಾಲೆಷ್ಟು ಎಂಬ ಪ್ರಶ್ನೆಯು ಮಾಪನವಿಲ್ಲದೆ ಇತ್ಯರ್ಥವಾಗದು. ಒತ್ತಿನ ಸ್ಥಾನವನ್ನು ಶ್ರುತಿಪೆಟ್ಟಿಗೆಯು ಆಕ್ರಮಿಸುತ್ತಿರುವ ಈ ಕಾಲದಲ್ಲಿ, ಒತ್ತು ಊದಬಲ್ಲವರು ನಮ್ಮ ನಡುವೆ ಇರುವಾಗಲೇ ಆ ಮಾಪನವನ್ನು ವಾದ್ಯಶಾಸ್ತ್ರದ ಅಭ್ಯಾಸಿಗಳು ಕೈಗೊಳ್ಳಬೇಕೆಂದು ಪ್ರಾರ್ಥಿಸುತ್ತೇನೆ.