ಹೊಸ ಮನೆ ಮುಂದೆ ಹುಲ್ಲು ನಿಲ್ತಿಲ್ವಾ? ಗೊಬ್ಬರ ತರೋ ಮೊದಲು ಮಣ್ಣು ಅಗೆದು ನೋಡಿ

ಹಿರಿಯೂರು: ಊರಿನ ಸುತ್ತ ಹೊಸ ಬಡಾವಣೆಗಳಲ್ಲಿ ಮನೆ ಕಟ್ಟಿಸಿದವರು ಮುಂದಿನ ಖಾಲಿ ಜಾಗಕ್ಕೆ ಲಾನ್ ಹಾಕಿಸ್ತಿದ್ದಾರೆ. ನರ್ಸರಿಯಿಂದ ತಂದ ಹುಲ್ಲಿನ ಹಾಸು ಎರಡು ತಿಂಗಳು ಹಸಿರಾಗಿರುತ್ತೆ. ಆಮೇಲೆ ಅಲ್ಲಲ್ಲಿ ಹಳದಿ, ಕೊನೆಗೆ ಒಣ ತೇಪೆ. ಯೂರಿಯಾ ಎರಚಿ, ದಿನಾ ಎರಡು ಹೊತ್ತು ಪೈಪ್ ಹಿಡಿದರೂ ಪ್ರಯೋಜನ ಇಲ್ಲ. ಹೆಚ್ಚಿನ ಮನೆಗಳಲ್ಲಿ ತೊಂದರೆ ಇರೋದು ಹುಲ್ಲಿನ ಕೆಳಗೆ.

ಪಾಯ ತೆಗೆದಾಗ ನಾಲ್ಕೈದು ಅಡಿ ಆಳದ ಮಣ್ಣು ಮೇಲೆ ಬರುತ್ತೆ. ಅದರಲ್ಲಿ ಸತ್ವನೂ ಇಲ್ಲ, ಎರೆಹುಳನೂ ಇಲ್ಲ. ಒಳ್ಳೆ ಮೇಲ್ಮಣ್ಣು ಅದರಡಿ ಹೂತು ಹೋಗುತ್ತೆ, ಇಲ್ಲಾ ಟ್ರ್ಯಾಕ್ಟರ್ ಹತ್ತಿ ಹೊರಗೆ ಹೋಗುತ್ತೆ. ಆಮೇಲೆ ಜೆಸಿಬಿ, ಜಲ್ಲಿ ಲಾರಿ ಓಡಾಡಿ ನೆಲ ಕಲ್ಲಾಗುತ್ತೆ. ಸಿಮೆಂಟ್ ಕಲಸಿದ್ದು, ಬಾಂಡ್ಲಿ ತೊಳೆದಿದ್ದು, ಟೈಲ್ಸ್ ಚೂರು, ಪುಟ್ಟಿ ಎಲ್ಲ ಅಲ್ಲೇ. ಕೊನೇ ದಿನ ಇದೆಲ್ಲದರ ಮೇಲೆ ಎರಡಿಂಚು ಕೆಮ್ಮಣ್ಣು ಎಳೆದು ಕ್ಲೀನ್ ಆಯ್ತು ಅಂತಾರೆ.

ಇನ್ನೂ ಪಾಯ ತೆಗೆಸದವರು ಮೇಸ್ತ್ರಿಗೆ ಈಗಲೇ ಒಂದು ಮಾತು ಹೇಳಿಬಿಡಿ: ಮೇಲಿನ ಅರ್ಧ ಅಡಿ ಮಣ್ಣು ಬೇರೆ ಗುಡ್ಡೆ ಹಾಕಲಿ, ಸಿಮೆಂಟ್ ಕಲಸೋಕೆ ಒಂದೇ ಮೂಲೆ ಇರಲಿ. ಇದಕ್ಕಿಂತ ಅಗ್ಗದ ಉಪಾಯ ಇಲ್ಲ.

ಕಟ್ಟಿ ಮುಗಿದಿದ್ರೆ ಮೊದಲು ಹಾರೆ ತಗೊಳ್ಳಿ. ಮಣ್ಣು ಸ್ವಲ್ಪ ತೇವ ಇದ್ದಾಗಲೂ ನಾಲ್ಕಿಂಚಿಗೇ ಹಾರೆ ನಿಂತರೆ ಬೇರೂ ಅಲ್ಲೇ ನಿಲ್ಲುತ್ತೆ. ಆಮೇಲೆ ಒಂದಡಿ ಆಳದ ಗುಂಡಿ ತೋಡಿ ನೀರು ತುಂಬಿಸಿ. ಅದು ಇಂಗಿದ ಮೇಲೆ ಇನ್ನೊಂದು ಸಲ ತುಂಬಿಸಿ. ಮಾರನೇ ದಿನವೂ ನೀರು ನಿಂತಿದ್ರೆ ಅಡಿಯಲ್ಲಿ ಗಟ್ಟಿ ಪದರ ಇದೆ ಅಂತ ಅರ್ಥ.

ಮೂರನೇದು ಮಣ್ಣು ಪರೀಕ್ಷೆ. ನಾಲ್ಕೈದು ಕಡೆ ಆರಿಂಚು ಆಳದವರೆಗೆ ಮಣ್ಣು ತೆಗೆದು, ಬೆರೆಸಿ, ನೆರಳಲ್ಲಿ ಒಣಗಿಸಿ ಅರ್ಧ ಕೆ.ಜಿ. ಕಟ್ಟಿಕೊಳ್ಳಿ. ಬಬ್ಬೂರು ಫಾರಂನಲ್ಲಿರೋ ಕೃಷಿ ವಿಜ್ಞಾನ ಕೇಂದ್ರ ಅಥವಾ ನಿಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿ. ವರದಿಯಲ್ಲಿ ಎರಡು ಅಂಕಿ ಮುಖ್ಯ. ಸಾವಯವ ಇಂಗಾಲ 0.5 ಶೇಕಡಾಕ್ಕಿಂತ ಕಡಿಮೆ ಇದ್ರೆ ಮಣ್ಣು ಬಡವಾಗಿದೆ. ರಸಸಾರ, ಅಂದ್ರೆ ಪಿಎಚ್, 6ರಿಂದ 7.5ರ ಒಳಗಿದ್ರೆ ಹುಲ್ಲಿಗೆ ಚಿಂತೆ ಇಲ್ಲ.

ನಮ್ಮ ಕಡೆ ಎಡವಟ್ಟಾಗೋದು ಈ ಪಿಎಚ್‌ನಲ್ಲೇ. ಎರೆಮಣ್ಣಲ್ಲಿ ಸುಣ್ಣದ ಅಂಶ ಮೊದಲೇ ಇರುತ್ತೆ, ಸಿಮೆಂಟ್ ಪುಡಿ ಸೇರಿದ್ರೆ ಇನ್ನೂ ಏರುತ್ತೆ. ಆಗ ಮಣ್ಣಲ್ಲಿ ಕಬ್ಬಿಣ ಇದ್ರೂ ಗಿಡಕ್ಕೆ ಸಿಗಲ್ಲ. ಎಳೆ ಎಲೆ ಹಳದಿಯಾಗಿ ನರ ಮಾತ್ರ ಹಸಿರಾಗಿ ಕಂಡ್ರೆ ಇದೇ ಕಾರಣ ಇರಬಹುದು. ಯಾರಾದ್ರೂ 'ಸ್ವಲ್ಪ ಸುಣ್ಣ ಹಾಕಿ' ಅಂದ್ರೆ ಕೇಳಬೇಡಿ, ಸುಣ್ಣ ಹುಳಿ ಮಣ್ಣಿಗೆ ಮಾತ್ರ. ಗೊಬ್ಬರದ ಅಂಗಡಿಯಲ್ಲಿ ಸಿಗೋ ಅನ್ನಭೇದಿಯನ್ನ ಲೀಟರ್ ನೀರಿಗೆ 5 ಗ್ರಾಂ ಕರಗಿಸಿ ಸಂಜೆ ಸಿಂಪಡಿಸಿದ್ರೆ ಹಸಿರು ಮರಳುತ್ತೆ. ಟೈಲ್ಸ್ ಮೇಲೆ ಬಿದ್ರೆ ತುಕ್ಕಿನ ಕಲೆ ಹೋಗಲ್ಲ, ಹುಷಾರು. ಇದು ತಾತ್ಕಾಲಿಕ ಮದ್ದು ಅಷ್ಟೇ. ಸಿಮೆಂಟ್ ಗಟ್ಟಿಯನ್ನ ಪಿಕಾಸಿಯಿಂದ ಕಿತ್ತು ಹೊರಗೆ ಹಾಕಲೇಬೇಕು.

ಕಸ ತೆಗೆದ ಮೇಲೆ ಎಂಟಿಂಚು ಅಗೆಸಿ. ಎರೆಮಣ್ಣಾದ್ರೆ ಹದ ಬರೋವರೆಗೆ ಕಾಯಿರಿ. ಹಸಿಯಲ್ಲಿ ಅಗೆದ್ರೆ ಒಣಗಿದ ಮೇಲೆ ಇಟ್ಟಿಗೆ. ಅದರ ಮೇಲೆ ಎರಡಿಂಚು ದಪ್ಪ ಕಳಿತ ಕೊಟ್ಟಿಗೆ ಗೊಬ್ಬರ ಹರಡಿ ಪೂರ್ತಿ ಬೆರೆಸಿ. 10×20 ಅಡಿ ಜಾಗಕ್ಕೆ ಸುಮಾರು 33 ಘನ ಅಡಿ ಬೇಕು. ಟ್ರ್ಯಾಕ್ಟರ್ ಲೋಡ್ ಅಂತ ವ್ಯಾಪಾರ ಮಾಡಬೇಡಿ, ಎಷ್ಟು ಘನ ಅಡಿ ಅಂತ ಕೇಳಿ. ಗೊಬ್ಬರ ಕೈಯಲ್ಲಿ ಹಿಡಿದ್ರೆ ಪುಡಿಪುಡಿ ಆಗಬೇಕು, ಸಗಣಿ ವಾಸನೆ ಬರಬಾರದು. ಹಸಿ ಗೊಬ್ಬರದ ಜೊತೆ ಗೊಣ್ಣೆ ಹುಳನೂ ಕಾಂಗ್ರೆಸ್ ಗಿಡದ ಬೀಜವೂ ಫ್ರೀ.

ಕೆರೆ ಗೋಡು ಕೆಂಪು, ಮರಳು ಮಣ್ಣಿಗೆ ಒಳ್ಳೇದು. ಎರೆಮಣ್ಣಿಗೆ ಮತ್ತೆ ಗೋಡು ಹಾಕೋದರಲ್ಲಿ ಅರ್ಥ ಇಲ್ಲ. ಅದರಲ್ಲಿ ಜೇಕಿನ ಗಡ್ಡೆ ಬಂದ್ರೆ ವರ್ಷಗಟ್ಟಲೆ ಕೀಳ್ತಾ ಕೂರಬೇಕು. ಎರೆಮಣ್ಣಿಗೆ ನಾಲ್ಕು ಬಾಂಡ್ಲಿ ಮರಳು ಬೆರೆಸಿದ್ರೂ ಸಡಿಲ ಆಗಲ್ಲ, ಆ ದುಡ್ಡಿಗೆ ಗೊಬ್ಬರ ತನ್ನಿ. ತೆಂಗಿನ ನಾರಿನ ಪುಡಿ ಆಗುತ್ತೆ, ಆದ್ರೆ ಕಾಂಪೋಸ್ಟ್ ಮಾಡಿದ್ದೇ ಬೇಕು. ಕಲ್ಲಿನಂಥ ನೆಲದ ಮೇಲೆ ಬರೀ ಕೆಮ್ಮಣ್ಣು ಸುರಿಸೋದು ದಂಡ. ಎರಡು ಮಣ್ಣು ಸೇರೋ ಜಾಗದಲ್ಲೇ ನೀರು ನಿಂತು ಬೇರು ಕೊಳೆಯುತ್ತೆ.

ದುಡ್ಡು ಬಿಗಿ ಇದ್ದು ಸಮಯ ಇರೋರಿಗೆ ಬೇರೆ ದಾರಿ ಇದೆ. ಅಗೆದ ಜಾಗಕ್ಕೆ ಮಳೆಗಾಲದಲ್ಲಿ ಸೆಣಬು ಅಥವಾ ಅಲಸಂದೆ ಚೆಲ್ಲಿ. ಸುಮಾರು 45 ದಿನಕ್ಕೆ, ಹೂ ಬಿಡೋ ಹೊತ್ತಿಗೆ ಕತ್ತರಿಸಿ ಅಲ್ಲೇ ಮಣ್ಣಿಗೆ ತಿರುವಿ. ಎರಡು ಮೂರು ವಾರ ಕಳಿಯಲು ಬಿಟ್ಟು ಆಮೇಲೆ ಹುಲ್ಲು ನೆಡಿ. ನಮ್ಮ ಬಿಸಿಲಿಗೆ, ನೀರಿನ ಪರಿಸ್ಥಿತಿಗೆ ಗರಿಕೆ ಜಾತಿಯ ಹುಲ್ಲೇ ವಾಸಿ. ಟ್ಯಾಂಕರ್ ತರಿಸಿ ಮೆಕ್ಸಿಕನ್ ಹುಲ್ಲು ಸಾಕೋದು ಅವರವರ ಜೇಬಿಗೆ ಬಿಟ್ಟಿದ್ದು.

ಎರೆಮಣ್ಣಿನ ಸೈಟಿನವರು ಇದೊಂದನ್ನ ಮರೀಬೇಡಿ. ಈ ಮಣ್ಣು ನೀರು ಕುಡಿದ್ರೆ ಉಬ್ಬುತ್ತೆ, ಒಣಗಿದ್ರೆ ಬಿರಿಯುತ್ತೆ. ಗೋಡೆಗೆ ಅಂಟಿಕೊಂಡೇ ಲಾನ್ ಹಾಕಿ ದಿನಾ ನೀರು ಬಿಟ್ರೆ ಪಾಯದ ಒಂದು ಕಡೆ ಮಾತ್ರ ಉಬ್ಬಿ ಗೋಡೆ ಸೀಳಬಹುದು. ಗೋಡೆಯಿಂದ ಮೂರಡಿ ಬಿಟ್ಟು ಹುಲ್ಲು ಹಾಕಿ. ಇಳಿಜಾರು ರಸ್ತೆ ಕಡೆಗಿರಲಿ, ಆರಡಿಗೆ ಒಂದಿಂಚು ಸಾಕು.